ಅತ್ತೆಯ ದುಂಡು ಮನೆಗೆ ಪರವಾನಗಿ

ನಮ್ಮ ಮನೆತನದಲ್ಲಿ ನಕ್ಷೆ ಬರೆಸಿ, ಪರವಾನಗಿ ಪಡೆದು, ಕಾಯ್ದೆ ಪ್ರಕಾರ ಕಟ್ಟಿದ ಮೊದಲ ಮನೆ ದುಂಡಗಿತ್ತು. ಅದಕ್ಕೂ ಮುಂಚಿನವೆಲ್ಲ ಮೊದಲು ಗೋಡೆ ಏರಿಸೋಣ, ಯಾರಾದರೂ ಕೇಳಿದರೆ ಆಮೇಲೆ ನೋಡೋಣ ಎಂದು ಕಟ್ಟಿದವು. ಯಾರೂ ಕೇಳಿರಲಿಲ್ಲ. ಕೇಳಿದ್ದು ನನ್ನ ಸೋದರತ್ತೆಯ ಮನೆಯ ಬಗ್ಗೆ ಮಾತ್ರ. ಅದಕ್ಕೆ ಓಡಾಡಿ ಪರವಾನಗಿ ತಂದವಳು ನಾನು. ತಪ್ಪೊಪ್ಪಿಗೆ ಬರೆಯಲು ಕೂತಿದ್ದಾಳೆ ಎಂದುಕೊಳ್ಳಬೇಡಿ. ಆ ಕೆಲಸದಲ್ಲಿ ನನ್ನ ಅಳತೆ ಸರಿಯಿತ್ತು, ಲೆಕ್ಕ ಸರಿಯಿತ್ತು, ಮನೆಯೂ ಸರಿಯಾಗಿಯೇ ನಿಂತಿತು. ಎಲ್ಲ ಸರಿಯಿದ್ದೂ ಹೀಗಾಯಿತಲ್ಲ ಎಂಬುದೇ ನನ್ನ ಹಳಹಳಿ.

ಅತ್ತೆ ಅಪ್ಪನಿಗೆ ಅಕ್ಕ, ದೊಡ್ಡಪ್ಪನಿಗೆ ತಂಗಿ. ಮದುವೆಯಾಗಿ ಗಂಡನ ಮನೆಯ ದಾರಿ ಸರಿಯಾಗಿ ರೂಢಿಯಾಗುವ ಮೊದಲೇ ಗಂಡ ತೀರಿಕೊಂಡ. ಅವಳು ತವರಿಗೆ ಬಂದಳು. ಅಜ್ಜ ಅಜ್ಜಿ ಇರುವ ತನಕ ತವರು ಖಾನಾಪುರದಲ್ಲಿ ಒಂದೇ ಇತ್ತು. ಅವರ ಕಾಲ ಮುಗಿದ ಮೇಲೆ ಎರಡಾಯಿತು. ಖಾನಾಪುರದ ಹೊಲಮನೆ ದೊಡ್ಡಪ್ಪನದು, ಬೆಳಗಾವಿಯ ಟಿಳಕವಾಡಿಯ ಸಣ್ಣ ಮನೆ ಕಚೇರಿ ನೌಕರಿಯಲ್ಲಿದ್ದ ನಮ್ಮಪ್ಪನದು. ಹಿರಿಯರು ಕೂತು ಅತ್ತೆಗೆ ಪಾಳಿ ಹಚ್ಚಿದರು. ಜೂನಿನಲ್ಲಿ ಹಿಡಿಯುವ ಮಿರಗದ ಮಳೆಯಿಂದ ದೀಪಾವಳಿಯವರೆಗೆ ಖಾನಾಪುರ, ದೀಪಾವಳಿಯಿಂದ ಮುಂದಿನ ಮಿರಗದವರೆಗೆ ಬೆಳಗಾವಿ. ಹೊರಗಿನವರು ನೋಡಿ, ಎಂಥ ಪ್ರೀತಿಯ ಅಣ್ಣತಮ್ಮಂದಿರು ಎಂದು ಹೊಗಳುತ್ತಿದ್ದರು. ಭತ್ತದ ನಾಟಿಗೆ ಕೈ ಬೇಕಾದಾಗ ಅವಳು ಖಾನಾಪುರದಲ್ಲಿ ಇರುತ್ತಿದ್ದಳು, ಹಪ್ಪಳ ಶಾವಿಗೆಗೆ ಕೈ ಬೇಕಾದಾಗ ಬೆಳಗಾವಿಯಲ್ಲಿ. ಪಾಳಿ ಹಚ್ಚಿದವರ ಜಾಣತನವನ್ನು ಮೆಚ್ಚಬೇಕು. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎಂಬ ಗಾದೆಯನ್ನು ನಮ್ಮ ಮನೆಯಲ್ಲಿ ಯಾರೂ ಬಾಯಿ ಬಿಟ್ಟು ಆಡಿದ್ದಿಲ್ಲ.

ಅವಳಿಗೆ ಊಟಕ್ಕೆ, ಬಟ್ಟೆಗೆ ಯಾವತ್ತೂ ಕೊರತೆಯಾಗಲಿಲ್ಲ. ಇಲ್ಲದಿದ್ದುದು ಕೂರುವ ಜಾಗ. ದಿನಾ ಸ್ನಾನ ಮಾಡಿ ಲಿಂಗಪೂಜೆಗೆ ಕೂರುವುದು ಅವಳ ನೇಮ. ಖಾನಾಪುರದಲ್ಲಿ ಭತ್ತದ ಚೀಲಗಳ ನಡುವೆ ಕೂರುತ್ತಿದ್ದಳು. ನಮ್ಮಲ್ಲಿ ಅಟ್ಟಕ್ಕೆ ಹತ್ತುವ ಏಣಿಯ ಕೆಳಗೆ. ಅವಳು ಅಂಗೈಯಲ್ಲಿ ಲಿಂಗವನ್ನಿಟ್ಟುಕೊಂಡು ಕಣ್ಣು ಮುಚ್ಚಿದ ಹೊತ್ತಿಗೇ ಯಾರಿಗಾದರೂ ಅಟ್ಟದ ಮೇಲಿನ ಬೆಲ್ಲವೋ ಕಟ್ಟಿಗೆಯೋ ಬೇಕಾಗುತ್ತಿತ್ತು. ತಲೆಯ ಮೇಲೆ ಧೂಳು ಉದುರಿದರೆ ಅತ್ತೆ ಸೆರಗಿನಿಂದ ಲಿಂಗವನ್ನು ಮುಚ್ಚಿಕೊಂಡು, ಹತ್ತಿದವರು ಇಳಿಯುವ ತನಕ ಹಾಗೇ ಕಾಯುತ್ತಿದ್ದಳು.

ಎಪ್ಪತ್ತರ ದಶಕದ ಮೊದಮೊದಲಿಗೆ ನಾನಿನ್ನೂ ಹೈಸ್ಕೂಲಿನಲ್ಲಿದ್ದೆ. ರಷ್ಯಾದಿಂದ ಬರುವ ಬಣ್ಣದ ಪತ್ರಿಕೆಗಳು ಆಗ ಊರಲ್ಲಿ ಧಾರಾಳವಾಗಿ ಸಿಗುತ್ತಿದ್ದವು. ಅವನ್ನು ಓದುವವರಿಗಿಂತ ಮಕ್ಕಳ ಪುಸ್ತಕಕ್ಕೆ ಹೊದಿಕೆ ಹಾಕುವವರೇ ಹೆಚ್ಚು. ಕಾಗದ ನುಣುಪು, ಬೇಗ ಹರಿಯುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಹೊದಿಕೆ ಹಾಕುವ ಕೆಲಸ ಅತ್ತೆಯದು. ಒಂದು ಮಧ್ಯಾಹ್ನ ಹಾಳೆ ಮಡಚುತ್ತಿದ್ದವಳು ನಡುವೆಯೇ ನಿಲ್ಲಿಸಿ ನನ್ನನ್ನು ಕರೆದಳು. ಹಾಳೆಯ ಮೇಲೆ ಎರಡು ಚಿತ್ರ. ಒಂದರಲ್ಲಿ ಬಯಲಿನ ನಡುವೆ ಬಿಳಿಯ ದುಂಡು ಮನೆ. ಇನ್ನೊಂದರಲ್ಲಿ ಅದೇ ಮನೆ ಮಡಚಿಕೊಂಡು ಒಂಟೆಯ ಬೆನ್ನೇರಿತ್ತು, ಒಬ್ಬ ಹೆಂಗಸು ಹಗ್ಗ ಹಿಡಿದು ಮುಂದೆ ನಡೆದಿದ್ದಳು.

"ಇದೇನ ತಂಗಿ, ಮನಿ ಎಲ್ಲಿಗೆ ಹೊಂಟೈತಿ?" ಎಂದಳು ಅತ್ತೆ.

ನಾನು ಬರುವಷ್ಟು ಇಂಗ್ಲಿಷಿನಲ್ಲಿ ಅಡಿಬರಹ ಬಿಡಿಸಿದೆ. "ಗುಡ್ಡಕ್ಕ ಹೊಂಟೈತಂತ ಅತ್ತಿ. ಇವರು ಕುರಿ ಕಾಯೋ ಮಂದಿ. ಬ್ಯಾಸಿಗಿಗೆ ಒಂದು ಕಡೆ, ಥಂಡ್ಯಾಗ ಒಂದು ಕಡೆ ಇರ್ತಾರಂತ. ಹೋಗೂ ಮುಂದ ಮನಿ ಬಿಚ್ಚಿಕೊಂಡು ಹೋಗ್ತಾರಂತ. ಇದಕ್ಕ ಯುರ್ತ್ ಅಂತಾರಂತ."

"ಯಾರು ಬಿಚ್ತಾರ?"

"ಹೆಂಗಸರು. ಕಟ್ಟೂದೂ ಅವರ, ಬಿಚ್ಚೂದೂ ಅವರ."

ಅತ್ತೆ ಹಗ್ಗ ಹಿಡಿದ ಹೆಂಗಸಿನ ಮೇಲೆ ಬೆರಳಿಟ್ಟು, "ಹಂಗಾರ ಅಕಿ ಪಾಳೀಗೂ ಮನಿ ಸಂಗಾಟ ಬರ್ತೈತಿ" ಎಂದಳು. ಆ ಹಾಳೆ ನನ್ನ ಪುಸ್ತಕಕ್ಕೆ ಬರಲಿಲ್ಲ. ನನ್ನ ಭೂಗೋಳಕ್ಕೆ ಟ್ರ್ಯಾಕ್ಟರಿನ ಚಿತ್ರದ ಹೊದಿಕೆ ಬಿತ್ತು.

ಮುಂದೆ ನಾನು ಸಿವಿಲ್ ಡಿಪ್ಲೊಮಾಕ್ಕೆ ಸೇರಿದೆ. ಮನೆ ಮಾಡುವುದು ಬಿಟ್ಟು ಮನೆ ಕಟ್ಟಲು ಹೊರಟಿದ್ದಾಳೆ ಎಂದು ಓಣಿಯವರು ನಕ್ಕರು. ಓದು ಮುಗಿದ ಮೇಲೆ ಸ್ಟೇಷನ್ನಿನ ಹತ್ತಿರ ಒಬ್ಬ ವಯಸ್ಸಾದ ಎಂಜಿನಿಯರರ ಕಚೇರಿಯಲ್ಲಿ ನಕ್ಷೆ ಬರೆಯುವ ಕೆಲಸ ಸಿಕ್ಕಿತು. ಅವರನ್ನು ನಾವು ಸಾಹೇಬರು ಎನ್ನುತ್ತಿದ್ದೆವು. ಮನೆಮಾತು ಮರಾಠಿ, ಕನ್ನಡವನ್ನು ತಮಗೆ ಬೇಕಾದ ಹಾಗೆ ಆಡುತ್ತಿದ್ದರು. ಊರಿನವರು ಕಟ್ಟುವ ಮನೆಗಳಿಗೆ ನಕ್ಷೆ ಬರೆದು, ಪರವಾನಗಿ ಕೊಡಿಸುವುದು ನಮ್ಮ ಕೆಲಸ. ಎಲ್ಲವೂ ಚೌಕ ಚೌಕ. ಪಡಸಾಲೆ, ನಡುಮನೆ, ಅಡಿಗೆಮನೆ. ನನ್ನ ಸ್ಕೇಲಿಗೆ ಬೇರೆ ಗುರುತೇ ಇರಲಿಲ್ಲ.

ಒಂದು ದಸರೆಗೆ ಖಾನಾಪುರಕ್ಕೆ ಹೋದೆ. ಹಿತ್ತಿಲಲ್ಲಿ ಬಣವೆಯ ಪಕ್ಕ ಇನ್ನೊಂದು ಬಣವೆ ಕಂಡಿತು. ಅದಕ್ಕೆ ಬಾಗಿಲಿತ್ತು, ಬಾಗಿಲಲ್ಲಿ ಅತ್ತೆ ಕೂತಿದ್ದಳು. ದೊಡ್ಡಪ್ಪ ಹಿಂದಿನಿಂದ ಬಂದು, "ಎರಡು ಬಣವಿ ಆಗ್ಯಾವು ನೋಡವಾ. ಒಂದು ದನಕ್ಕ, ಒಂದು ನಿಮ್ಮತ್ತಿಗೆ" ಎಂದು ನಕ್ಕರು.

ಅತ್ತೆ ಆ ಚಿತ್ರವನ್ನು ಬಿದಿರು ಕೆಲಸದವರಿಗೆ ತೋರಿಸಿ, ತಾನೂ ಅವರ ಜೊತೆ ಕೂತು ಗೋಡೆ ಹೆಣೆಸಿದ್ದಳು. ಬಿದಿರಿನ ಸೀಳುಗಳನ್ನು ಓರೆಯಾಗಿ ಒಂದರ ಮೇಲೊಂದು ಇಟ್ಟು, ಕೂಡುವಲ್ಲೆಲ್ಲ ಪುಂಡಿನಾರಿನ ಹುರಿಯಿಂದ ಬಿಗಿದ ಜಾಲರಿ. ಎಳೆದರೆ ಗೋಡೆ, ಒತ್ತಿದರೆ ಒಂದು ಹೊರೆ. ಮೇಲೆ ನಡುಮಧ್ಯಕ್ಕೆ ಹಳೆಯ ಚಕ್ಕಡಿ ಗಾಲಿಯಿಂದ ಕಳಚಿದ ಕಬ್ಬಿಣದ ಪಟ್ಟಿ. ಗೋಡೆಯ ತಲೆಯಿಂದ ಆ ಪಟ್ಟಿಗೆ ಸುತ್ತಲೂ ಬಿದಿರಿನ ಗಳುಗಳು. ಅದರ ಮೇಲೆ ಕುರುಬರಿಂದ ಕೊಂಡ ಕರಿ ಕಂಬಳಿಗಳು. ಖಾನಾಪುರದ ಮಳೆಗೆ ಕಂಬಳಿ ಒಂದೇ ಸಾಲದೆಂದು ಅದರ ಮೇಲೆ ಎಲೆಗಳ ಹೊದಿಕೆ. ಗದ್ದೆಯಲ್ಲಿ ನಾಟಿ ಮಾಡುವಾಗ ಹೆಂಗಸರು ಬೆನ್ನಿಗೆ ಹಾಕಿಕೊಳ್ಳುವ ಗೊರಬಿನಲ್ಲಿ ಎಲೆ ಜೋಡಿಸುತ್ತಾರಲ್ಲ, ಅದೇ ಕ್ರಮ. ಆ ಮಳೆಗಾಲವನ್ನು ಅವಳು ಅದರಲ್ಲೇ ಕಳೆದಿದ್ದಳು.

"ಸೋರಲಿಲ್ಲೇನ ಅತ್ತಿ?" ಎಂದೆ.

"ಒಂದು ಕಡೆ ಸೋರತು. ತಂಬಿಗಿ ಇಟ್ಟೆ. ನಿಮ್ಮ ದೊಡ್ಡಪ್ಪನ ಹಂಚಿನ ಮನಿ ನಾಕ ಕಡೆ ಸೋರ್ತೈತಿ" ಎಂದಳು. ದೊಡ್ಡಪ್ಪ ಮೀಸೆಯಲ್ಲೇ ನಕ್ಕು ಹೊರಟು ಹೋದರು.

ಆ ದೀಪಾವಳಿಗೆ ಅತ್ತೆ ಬಸ್ಸಿನಲ್ಲಿ ಬರಲಿಲ್ಲ. ಬೆಳಗಾವಿಗೆ ಭತ್ತ ಹೇರಿಕೊಂಡು ಹೊರಟ ಟ್ರಕ್ಕಿನ ಮೇಲೆ ತನ್ನ ಮನೆಯನ್ನೂ ಹೇರಿಸಿ, ತಾನು ಡ್ರೈವರನ ಬಾಜೂಕ್ಕೆ ಕೂತು ಟಿಳಕವಾಡಿಗೆ ಬಂದಿಳಿದಳು. ಸಂಜೆಯೊಳಗೆ ನಮ್ಮ ಕಂಪೌಂಡಿನ ಬಾವಿಯ ಪಕ್ಕ ದುಂಡು ಮನೆ ಎದ್ದಿತು. ಅಪ್ಪ ಕಚೇರಿಯಿಂದ ಬಂದು ನೋಡಿ ಗೇಟಿನಲ್ಲೇ ನಿಂತರು.

"ಅಕ್ಕಾ, ಮಂದಿ ಏನಂತಾರ?"

"ಮಂದಿ ಮನ್ಯಾಗ ನಾ ಇರಾಕ ಹತ್ತೇನೇನ? ನನ್ನ ಮನ್ಯಾಗ ನಾ ಅದೀನಿ" ಎಂದಳು ಅತ್ತೆ. ಅವಳು ಹಾಗೆ ಎದುರು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅಪ್ಪನಿಗೂ ಹಾಗೇ ಇರಬೇಕು, ಕೈಕಾಲು ತೊಳೆಯಲು ಹೋದರು.

ಓಣಿಯ ಮಕ್ಕಳು ಬಂದು ಸುತ್ತು ಹಾಕಿದರು. ಪಕ್ಕದ ಮನೆಯವರು ನಾಲ್ಕು ದಿನ ನೋಡಿದರು. ಅತ್ತೆ ಅದರೊಳಗೆ ಒಲೆ ಹೂಡಿ, ಮೇಲಿನ ಕಿಂಡಿಯಿಂದ ಹೊಗೆ ಬಂದ ದಿನ ಅವರು ದೂರು ಕೊಟ್ಟರು. ಅವರನ್ನು ಬೈಯಲಾರೆ. ಒಣ ಎಲೆ ಹೊದಿಸಿದ ಗುಡಿಸಲು, ಒಳಗೆ ಬೆಂಕಿ, ಆಚೆಗೆ ಅವರ ಕಟ್ಟಿಗೆಯ ಮನೆ. ಯಾರಿಗಾದರೂ ಎದೆ ಧಸಕ್ಕೆನ್ನುತ್ತದೆ. ಕಟ್ಟಡ ಪರವಾನಗಿಯ ಕಚೇರಿಯಿಂದ ಒಬ್ಬರು ಬಂದು ನೋಡಿದರು. ಊರಿನ ಹದ್ದಿನಲ್ಲಿ ಎಲೆ ಹೊದಿಕೆಯ ಮನೆ ನಡೆಯುವುದಿಲ್ಲ, ಒಂದೋ ಬಿಚ್ಚಿರಿ, ಇಲ್ಲವೇ ನಿಯಮಕ್ಕೆ ಹೊಂದಿಸಿ ಪರವಾನಗಿ ತಗೊಳ್ಳಿರಿ ಎಂದರು. ಬಿಚ್ಚುವುದೇ ಲೇಸು ಎಂದರು ಅಪ್ಪ. ಅವ್ವನೂ ಅದನ್ನೇ ಅಂದಳು. ಅತ್ತೆ ನನ್ನ ಕಡೆ ತಿರುಗಿ, "ನೀ ಕಲತದ್ದು ಯಾತಕ್ಕ?" ಎಂದಳು.

ಮರುದಿನ ಸಾಹೇಬರಿಗೆ ಹೇಳಿದೆ. ನಗುತ್ತಾರೆಂದುಕೊಂಡಿದ್ದೆ. ಅವರು ಸೈಕಲ್ ಹತ್ತಿ ನಮ್ಮ ಮನೆಗೇ ಬಂದರು. ಟೋಪಿ ತೆಗೆದು ಕೈಯಲ್ಲಿ ಹಿಡಿದು ಒಳಗೆ ಹೋಗಿ, ಗಳುಗಳನ್ನು ಒಂದೊಂದಾಗಿ ಅಲುಗಾಡಿಸಿ ನೋಡಿ, "ಅಗದೀ ಬರೋಬ್ಬರಿ ಅದ. ಇದನ್ನ ಕಾಯ್ದೇದಾಗ ಕುಂದರಸೂಣು" ಎಂದರು. ಅವರ ಕಣ್ಣಿನಲ್ಲಿ ಆ ಹೊಳಪನ್ನು ನಾನು ಕಚೇರಿಯಲ್ಲಿ ಕಂಡಿರಲಿಲ್ಲ.

ಮದುವೆ ಮಾಡಿ ನೋಡು, ಮನೆ ಕಟ್ಟಿ ನೋಡು ಎನ್ನುತ್ತಾರೆ. ಕಟ್ಟಿದ ಮನೆಯನ್ನು ಕಾಯ್ದೆಗೆ ಹೊಂದಿಸಿ ನೋಡು ಎಂದು ಯಾರೂ ಹೇಳಲಿಲ್ಲ. ನಾನು ಒಂದೇ ಹಟ ಹಿಡಿದೆ. ನಿಯಮ ಏನೇ ಕೇಳಲಿ ಕೊಡೋಣ, ಆದರೆ ಮನೆ ಬಿಚ್ಚಲು ಬರಬೇಕು, ಟ್ರಕ್ಕಿನ ಮೇಲೆ ಏರಬೇಕು. ಅತ್ತೆಗೆ ಬೇಕಾದದ್ದು ಅದೊಂದೇ. ಸಾಹೇಬರು ಒಪ್ಪಿದರು.

ಮೊದಲು ಗಾಳಿ. ಛಾವಣಿಯ ಗಳುಗಳು ಗೋಡೆಯನ್ನು ಸದಾ ಹೊರಕ್ಕೆ ದೂಡುತ್ತಿರುತ್ತವೆ. ಅತ್ತೆ ಅದಕ್ಕೆಂದೇ ಗೋಡೆಯ ತಲೆಗೆ ಸುತ್ತಲೂ ಹಗ್ಗ ಬಿಗಿದಿದ್ದಳು. ಹಗ್ಗದ ಜಾಗಕ್ಕೆ ನಾವು ಉಕ್ಕಿನ ತಂತಿಯ ಮಿಣಿ ಹಾಕಿದೆವು, ತಿರುಗಿಸಿದರೆ ಬಿಗಿಯಾಗುವ ತಿರುಪಿನ ಜೊತೆ. ಆಮೇಲೆ ಬೆಂಕಿ. ಎಲೆಗಳನ್ನು ತೆಗೆದು ತಗಡು. ತಗಡನ್ನು ಮೇಲೆ ಕಿರಿದು ಕೆಳಗೆ ಅಗಲವಾಗಿ ಪಟ್ಟಿ ಪಟ್ಟಿ ಕತ್ತರಿಸಿದೆವು, ಬಿಚ್ಚಿದಾಗ ಒಂದರ ಮೇಲೊಂದು ಕೂರುವ ಹಾಗೆ. ಕಂಬಳಿ ಒಳಗೆ ಉಳಿಯಿತು. ಬಿದಿರಿಗೆ ಹುಳಕ್ಕೂ ಬೆಂಕಿಗೂ ಔಷಧದ ನೀರು ಕುಡಿಸಿದೆವು. ಒಲೆಯ ಹಿಂದೆ ಇಟ್ಟಿಗೆಯ ಗೋಡೆ. ಮೇಲಿನ ಕಿಂಡಿಯಿಂದ ಆಕಾಶವೇ ಒಳಗೆ ಬರುತ್ತಿದ್ದರೂ ನಿಯಮ ಅದನ್ನು ಕಿಟಕಿ ಎಂದು ಎಣಿಸಲಿಲ್ಲ. ಗೋಡೆಯಲ್ಲೇ ಕಿಟಕಿ ಬೇಕೆಂದಿತು. ಜಾಲರಿಯನ್ನು ಕತ್ತರಿಸಿದರೆ ಗೋಡೆಯ ಬಲ ಹೋಗುತ್ತದೆ. ಹಾಗಾಗಿ ಜಾಲರಿಯ ತುಂಡುಗಳ ನಡುವೆ ಕಿಟಕಿಯ ಚೌಕಟ್ಟು ನಿಲ್ಲಿಸಿ ಎರಡೂ ಬದಿಗೆ ಬೋಲ್ಟು ಹಾಕಿದೆವು. ಬಾಗಿಲನ್ನೂ ಎತ್ತರ ಮಾಡಬೇಕಾಯಿತು.

"ಬಗ್ಗಿ ಬಂದರ ಮಂದಿ ಏನ ಕಳಕೋತಾರ್ರೀ?" ಎಂದು ಅತ್ತೆ ಸಾಹೇಬರನ್ನು ಕೇಳಿದಳು.

"ಮಂದಿ ಬಗ್ಗತಾರ ಅಕ್ಕಾ. ಕಾಯ್ದೆ ಬಗ್ಗೂದಿಲ್ಲ" ಎಂದರು ಸಾಹೇಬರು.

ಕಡೆಗೆ ನೆಲ. ಮನೆ ಬುನಾದಿಯ ಮೇಲೆ ನಿಲ್ಲಬೇಕು, ನೆಲ ಅಂಗಳಕ್ಕಿಂತ ಎತ್ತರ ಇರಬೇಕು. ದುಂಡಗೆ ಕಲ್ಲುಕಟ್ಟೆ ಕಟ್ಟಿ, ಅದರಲ್ಲಿ ಕಬ್ಬಿಣದ ಗೂಟ ಹೂತು, ಗೂಟಕ್ಕೆ ಗೋಡೆಯನ್ನು ಬೋಲ್ಟಿನಿಂದ ಬಿಗಿದೆವು. ಅತ್ತೆ ಕಟ್ಟೆಯನ್ನು ಸುತ್ತು ಹಾಕಿ ನೋಡಿ, "ಇದನ್ನ ಹೊತಗೊಂಡು ಹೋಗಾಕ ಬರೂದಿಲ್ಲಲ್ಲ ತಂಗಿ" ಎಂದಳು. "ನೆಲ ಎಲ್ಲಾ ಕಡೆ ಇರ್ತೈತಿ ಅತ್ತಿ. ಖಾನಾಪುರದಾಗೂ ಒಂದು ಕಟ್ಟಿ ಕಟ್ಟೂಣು" ಎಂದೆ. ನೆಲ ಎಲ್ಲ ಕಡೆ ಇತ್ತು ನಿಜ. ಅವಳದಾಗಿ ಎಲ್ಲಿಯೂ ಇರಲಿಲ್ಲ. ಇಷ್ಟು ಸಣ್ಣ ಮಾತು ನನಗೂ ಸಾಹೇಬರಿಗೂ ಆಗ ಹೊಳೆಯಲಿಲ್ಲ.

ಪರವಾನಗಿ ಕಚೇರಿಯ ಅಧಿಕಾರಿ ನಕ್ಷೆಯನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದರು. ದುಂಡು ನಕ್ಷೆ, ಹೇಗೆ ತಿರುಗಿಸಿದರೂ ಹಾಗೇ ಇತ್ತು. "ಬಾಜೂ ಗಡಿಯಿಂದ ಇಷ್ಟು ಜಾಗಾ ಬಿಡಬೇಕು ಅಂತ ಐತ್ರಿ. ದುಂಡು ಮನಿಗೆ ಬಾಜೂ ಯಾವದ್ರೀ?" ಎಂದರು. ಗಡಿಗೆ ಅತಿ ಹತ್ತಿರದ ಬಿಂದುವಿನಿಂದ ಅಳೆಯೋಣ ಎಂದು ನಾನು ಹೇಳಿದೆ, ಅದು ಒಪ್ಪಿಗೆಯಾಯಿತು. ಕಂಬಳಿ ಉರಿಯುತ್ತದೆ ಎಂಬಲ್ಲಿ ಮಾತು ನಿಂತಿತು. ಸಾಹೇಬರು ಚೀಲದಿಂದ ಕಂಬಳಿಯ ತುಂಡೊಂದನ್ನು ತೆಗೆದು ಅಲ್ಲೇ ಕಡ್ಡಿ ಗೀರಿ ಹಿಡಿದರು. ಕೂದಲು ಸುಟ್ಟ ನಾತ ಕೋಣೆ ತುಂಬ ಹರಡಿತು. ಅಂಚು ಕರಕಾಗಿ ಗಂಟುಗಟ್ಟಿತು, ಕಡ್ಡಿ ಆರಿತು, ಕಂಬಳಿಗೆ ಉರಿ ಹತ್ತಲಿಲ್ಲ. ಸಾಹೇಬರು ಇನ್ನೊಂದು ಕಡ್ಡಿ ತೆಗೆದು, "ಈಗ ನಿಮ್ಮ ಮೇಜಿನ ಮ್ಯಾಲೆ ಹಾಸಿದ ಅರಿವಿಗೆ ಹಚ್ಚಿ ನೋಡೂಣೇನ್ರೀ?" ಎಂದರು. "ಬ್ಯಾಡ್ರಿ, ನಂಬಿದೆ" ಎಂದು ಅಧಿಕಾರಿ ನಕ್ಕರು. ಒಳ್ಳೆಯ ಮನುಷ್ಯ. ಅರ್ಜಿಯಲ್ಲಿ ಮನೆಯ ಮಾಲೀಕರ ಹೆಸರಿಗೆ ಅತ್ತೆಯ ಹೆಸರಿದ್ದುದನ್ನು ನೋಡಿ, ಜಾಗ ಯಾರದೋ ಅವರ ಹೆಸರೇ ಇರಬೇಕು ಎಂದರು. ಅಪ್ಪನ ಹೆಸರು ಬರೆದೆವು. ತಮ್ಮನ ಹೆಸರು ತಾನೇ ಎಂದು ಅತ್ತೆಯೂ ಒಪ್ಪಿದಳು.

ಪರವಾನಗಿ ಬಂತು. ಸಾಹೇಬರು ಕಚೇರಿಯವರಿಗೆಲ್ಲ ಕುಂದಾ ಹಂಚಿದರು. ಅತ್ತೆ ಮನೆಯೊಳಗೆ ತನ್ನ ದೇವರ ಜಗಲಿ ಹಾಕಿದಳು, ಒಂದು ಕನ್ನಡಿ ತೂಗುಬಿಟ್ಟಳು, ಬಾಗಿಲಿಗೆ ತಾನೇ ಹೆಣೆದ ಮಣಿಯ ತೋರಣ ಕಟ್ಟಿದಳು. ಬೋಲ್ಟು ಬಿಚ್ಚುವ ಪಾನಾ ಹಿಡಿಯುವುದನ್ನು ನಾನು ಕಲಿಸಿಕೊಟ್ಟೆ. ಒಂದೇ ದಿನಕ್ಕೆ ಕಲಿತಳು. ಬೆಳಿಗ್ಗೆ ಕೆಲಸಕ್ಕೆ ಹೋಗುವ ಮುಂಚೆ ನಾನು ಅವಳ ಮನೆಗೆ ಚಹಾಕ್ಕೆ ಹೋಗುತ್ತಿದ್ದೆ. ಅವಳು ಪೂಜೆ ಮುಗಿಸುವ ತನಕ ಬಾಗಿಲ ಹೊರಗೆ 'ಬರಲೇನ ಅತ್ತಿ' ಎಂದು ಕೇಳಿ ಕಾಯಬೇಕಿತ್ತು. ಆ ಕಾಯುವಿಕೆಯನ್ನು ಅವಳು ಬೇಕೆಂದೇ ಕೊಂಚ ಹಿಗ್ಗಿಸುತ್ತಿದ್ದಳು ಎಂದು ನನಗೆ ಗುಮಾನಿ. ಆ ಬೇಸಿಗೆಯಷ್ಟು ಸುಖವಾಗಿ ಅವಳನ್ನು ನಾನು ಮತ್ತೆ ಯಾವತ್ತೂ ನೋಡಲಿಲ್ಲ.

ಆದರೆ ಮಂಜೂರಾತಿ ಎಂಬುದು ವಿಚಿತ್ರ ವಸ್ತು. ಎಲೆಯ ಮನೆ ಇದ್ದಾಗ ಅದನ್ನು ಬಣವೆ ಎಂದವರೆಲ್ಲ ಈಗ 'ಔಟ್‌ಹೌಸ್' ಎನ್ನತೊಡಗಿದರು. ಲೈಟು ಬಂತು. ಅಪ್ಪ ಕಚೇರಿಯ ಗೆಳೆಯರನ್ನು ಕರೆತಂದು, ಬಾಗಿಲಲ್ಲಿ ನಿಂತು ಉಕ್ಕಿನ ಮಿಣಿಯನ್ನು ತೋರಿಸಿದರು. ದೂರು ಕೊಟ್ಟ ಪಕ್ಕದ ಮನೆಯವರೇ ಬಂದು, ನಮ್ಮ ಹಿತ್ತಿಲಲ್ಲೂ ಇಂಥದೊಂದು ಆದೀತೇ ಎಂದು ಕೇಳಿದರು. ಕಾಯ್ದೆಗೆ ಹೊರಗಿದ್ದಾಗ ಯಾರೂ ಬಯಸದಿದ್ದ ಮನೆ, ಕಾಯ್ದೆಯೊಳಗೆ ಬಂದ ಕೂಡಲೇ ಎಲ್ಲರಿಗೂ ಕಣ್ಣಿಗೆ ಬಿತ್ತು. ನಾನು ಅದನ್ನು ಹೊಗಳಿಕೆ ಎಂದುಕೊಂಡು ಉಬ್ಬಿದೆ.

ಅದೇ ವೈಶಾಖದಲ್ಲಿ ನನ್ನ ತಮ್ಮನ ಮದುವೆಯಾಯಿತು. ಅವನಿಗೆ ಊರಲ್ಲೇ ಕೆಲಸ ಸಿಕ್ಕಿತ್ತು, ಹುಡುಗಿ ಒಳ್ಳೆಯ ಮನೆಯವಳು, ಮೆತ್ತಗಿನ ಮಾತಿನವಳು. ನಮ್ಮ ಮನೆಯಲ್ಲೋ ಕೋಣೆ ಎಂಬುದೇ ಇರಲಿಲ್ಲ, ಎಲ್ಲ ಹಾದುಹೋಗುವ ಜಾಗ. ಹೊಸ ಸೊಸೆಯನ್ನು ಎಲ್ಲಿ ಮಲಗಿಸುವುದು ಎಂದು ಅವ್ವ ಬಾಯಿ ಬಿಟ್ಟು ಕೇಳಲಿಲ್ಲ. ಕೇಳದೆಯೇ ಅತ್ತೆಗೆ ತಿಳಿಯಿತು. ಅಷ್ಟು ವರ್ಷ ಮಂದಿಯ ಮನೆಯಲ್ಲಿ ಬಾಳಿದವಳಿಗೆ ಕೇಳದ ಮಾತು ಬೇಗ ಕೇಳಿಸುತ್ತದೆ.

"ಹುಡುಗ ಹುಡುಗಿ ಅಲ್ಲಿ ಇರ್ಲಿ. ನಾ ಮಿರಗಕ್ಕ ಹೆಂಗೂ ಹೊಂಟಾಕಿ. ನಾಕ ದಿನ ಒಳಗ ಮಲಗ್ತೀನಿ" ಎಂದಳು. ಜಗಲಿಯ ದೇವರನ್ನು ತಾನೇ ಸೆರಗಿನಲ್ಲಿ ತೆಗೆದುಕೊಂಡು ಬಂದಳು. ಕನ್ನಡಿಯನ್ನು ಹುಡುಗಿಗೆ ಬೇಕಾದೀತೆಂದು ಅಲ್ಲೇ ಬಿಟ್ಟಳು.

ಮಿರಗ ಹತ್ತಿರ ಬಂತು. ಒಂದು ಸಂಜೆ ಅತ್ತೆ ಪಾನಾ ಹಿಡಿದು ಅಪ್ಪನ ಮುಂದೆ ಬಂದು ನಿಂತು, ಟ್ರಕ್ಕಿನವನಿಗೆ ಹೇಳಿ ಕಳಿಸಲೇ ಎಂದು ಕೇಳಿದಳು. ಅಪ್ಪ ತಲೆ ಎತ್ತಲಿಲ್ಲ.

"ಈಗ ಬಿಚ್ಚಿದರ ಹುಡುಗಿ ಎಲ್ಲಿ ಇರಬೇಕಕ್ಕಾ? ಅದೂ ಅಲ್ದ ಈಗ ಅದು ಮಂಜೂರಾದ ಮನಿ. ಘರಪಟ್ಟಿ ಹತ್ತೈತಿ. ಬಿಚ್ಚಿ ಒಯ್ದರ ಮತ್ತ ಮೊದಲಿಂದ ಪರವಾನಗಿ ತಗೋಬೇಕಾಗ್ತೈತಿ. ಈ ವರ್ಷ ಇರ್ಲಿ ಬಿಡು. ದೀಪಾವಳಿಗೆ ನೀ ಹೆಂಗೂ ಬರಾಕಿ."

ಘರಪಟ್ಟಿ ಎಂದರೆ ಮನೆಯ ಕರ. ಅದು ಹತ್ತಿದ್ದು ನಿಜ. ಆದರೂ ನಾನು ಸಾಹೇಬರ ಹತ್ತಿರ ಓಡಿದೆ. ಬಿಚ್ಚಲು ಬರುವ ಹಾಗೆಯೇ ಕಟ್ಟಿದ್ದೇವಲ್ಲ, ಪ್ರತಿಯೊಂದು ಬೋಲ್ಟೂ ಅದಕ್ಕೆಂದೇ ತಾನೇ ಎಂದೆ. ಸಾಹೇಬರು ಬಹಳ ಹೊತ್ತು ಕನ್ನಡಕ ಒರೆಸಿಕೊಂಡರು. "ಬಿಚ್ಚಾಕ ಬರ್ತದ, ಖರೇ. ಆದ್ರ ಪರವಾನಗಿ ಆ ಜಾಗಾಕ್ಕ ಕೊಟ್ಟಾರ, ಮನಿಗೆ ಕೊಟ್ಟಿಲ್ಲ. ಕಾಯ್ದೇದಾಗ ಮನಿ ಅಂದ್ರ ನಿಂತದ್ದು. ನಡಿಯೂದಕ್ಕ ಗಾಡಿ ಅಂತಾರ" ಎಂದರು. ಅವರ ದನಿಯಲ್ಲೂ ಬೇಸರವಿತ್ತು. ನಾನು ಎದ್ದು ಬಂದೆ.

ಅತ್ತೆ ಆ ಸಲ ಬಸ್ಸಿನಲ್ಲಿ ಖಾನಾಪುರಕ್ಕೆ ಹೋದಳು. ಪಾನಾವನ್ನು ಸೀರೆಗಳ ನಡುವೆ ಸುತ್ತಿ ಟ್ರಂಕಿನಲ್ಲಿ ಇಟ್ಟುಕೊಂಡಳು. ಆ ಮಳೆಗಾಲ ಎಲ್ಲಿ ಮಲಗಿದಳು, ಎಲ್ಲಿ ಪೂಜೆಗೆ ಕೂತಳು ಎಂದು ನಾನು ವಿಚಾರಿಸಲಿಲ್ಲ. ವಿಚಾರಿಸಿದ್ದರೆ ಮಾಡುವಂಥದ್ದೇನೂ ನನ್ನ ಕೈಯಲ್ಲಿರಲಿಲ್ಲ. ಶಿವಬಸವ ನಗರದಲ್ಲಿ ಹೊಸ ಮನೆಗಳು ಏಳುತ್ತಿದ್ದವು, ಅವುಗಳ ನಕ್ಷೆ ಬರೆಯುತ್ತ ಕೂತೆ.

ದೀಪಾವಳಿಗೆ ಅತ್ತೆ ಬಂದಳು. ಗೇಟು ತೆರೆದವಳೇ ಅಭ್ಯಾಸದಿಂದ ನೇರವಾಗಿ ಬಾವಿಯ ಕಡೆ ನಡೆದಳು. ನಾನು ಹಿಂದೆಯೇ ಹೋದೆ. ದುಂಡು ಮನೆಯ ಕಿಟಕಿಗಳಿಗೆ ಹೂವಿನ ಪರದೆ ಬಂದಿತ್ತು. ಒಳಗೆ ದೊಡ್ಡ ಮಂಚ, ಸ್ಟೀಲಿನ ಕಪಾಟು. ಕಪಾಟು ಗೋಡೆಗೆ ಒರಗಿ ನಿಲ್ಲುವುದಿಲ್ಲವೆಂದು ತಮ್ಮ ಜಾಲರಿಗೆ ಒಳಗಿನಿಂದ ಸಿಮೆಂಟು ಮೆತ್ತಿಸಿದ್ದ. ಬೋಲ್ಟುಗಳ ಮೇಲೂ ಸಿಮೆಂಟು ಕೂತಿತ್ತು. ತಮ್ಮನ ಹೆಂಡತಿ ಐದು ತಿಂಗಳ ಬಸುರಿ. ಅತ್ತೆಯನ್ನು ಕಂಡು ಮೆಲ್ಲಗೆ ಎದ್ದು, ಸೆರಗು ಹೊದ್ದು ಬಾಗಿಲಿಗೆ ಬಂದಳು.

"ಬರ್ರಿ ಅತ್ತಿಯವರ, ಒಳಗ ಬರ್ರಿ. ಕುಂದರ್ರಿ. ಚಹಾ ಮಾಡ್ತೀನಿ."

ಪಾಪದ ಹುಡುಗಿ, ಒಂದಿಷ್ಟೂ ಕುಹಕವಿಲ್ಲ. ಬಂದ ಹಿರಿಯರನ್ನು ಹೇಗೆ ಕರೆಯಬೇಕೋ ಹಾಗೆ ಕರೆದಳು. ಅತ್ತೆ ಬಾಗಿಲ ಹತ್ತಿರವೇ, ಚಾಪೆಯ ಅಂಚಿನಲ್ಲಿ ಕೂತಳು. ಪರದೆ ಚೆನ್ನಾಗಿದೆ ಎಂದಳು. ಬಸುರಿಯ ಕೈ ಹಿಡಿದು ನೋಡಿ, ಬಾವು ಬಂದಿದೆ, ಉಪ್ಪು ಕಡಿಮೆ ಮಾಡು ಎಂದಳು. ಚಹಾ ಕುಡಿದು, ಕಪ್ಪು ತೊಳೆಯಲೆಂದು ಎದ್ದಳು. ಹುಡುಗಿ ಅವಳ ಕೈಯಿಂದ ಕಪ್ಪನ್ನು ಬಿಡಿಸಿಕೊಂಡಳು.

"ಇಡ್ರಿ ಅತ್ತಿಯವರ. ಬಂದಾವರು ನೀವು, ನೀವ್ಯಾಕ ತೊಳೀತೀರಿ?"

ಅತ್ತೆ ಕಪ್ಪು ಬಿಟ್ಟುಕೊಟ್ಟಳು. ಎರಡೂ ಕೈ ಖಾಲಿಯಾಗಿ, ಅವನ್ನು ಎಲ್ಲಿಡಬೇಕೆಂದು ತಿಳಿಯದವಳ ಹಾಗೆ ಒಂದು ಕ್ಷಣ ನಿಂತಳು. ಆಮೇಲೆ ಹೊರಗೆ ಬಂದಳು. ನಾವಿಬ್ಬರೂ ಬಾವಿಕಟ್ಟೆಯ ಮೇಲೆ ಕೂತೆವು. ನನಗೆ ಅಳು ಬರುತ್ತಿತ್ತು, ಅವಳಿಗೆ ಬರಲಿಲ್ಲ.

"ತಂಗಿ, ಆ ಪರವಾನಗಿ ತಿರುಗಿ ಕೊಡಾಕ ಬರ್ತೈತೇನ?" ಎಂದಳು.

ನನಗೆ ಅರ್ಥವಾಗಲಿಲ್ಲ.

"ಅವರಿಗೆ ತಿರುಗಿ ಕೊಟ್ಟು ಬಿಟ್ಟರ ಅದು ಮೊದಲಿನಂಗ ಆಗ್ತೈತಲ್ಲ. ಎಲಿ ಮನಿ ಇದ್ದಾಗ ಯಾರಿಗೂ ಬೇಕಾಗಿರಲಿಲ್ಲ. ನಂದಽ ಇತ್ತು."

ಸುಳ್ಳು ಹೇಳಬಹುದಿತ್ತು. ಕೇಳಿ ನೋಡುತ್ತೇನೆ ಎಂದು ಅಡ್ಡಗೋಡೆಯ ಮೇಲೆ ದೀಪ ಇಡಬಹುದಿತ್ತು. "ಬರೂದಿಲ್ಲ ಅತ್ತಿ" ಎಂದೆ. ಅವಳು ತಲೆಯಾಡಿಸಿ, "ನೀ ಏನ್ ಮಾಡ್ತಿ, ಛೊಲೋ ಕಟ್ಟೀದಿ" ಎಂದು ನನ್ನ ಬೆನ್ನು ಸವರಿದಳು. ಬೈದಿದ್ದರೆ ಇಷ್ಟು ವರ್ಷ ನನಗೆ ಇಷ್ಟು ನೋವಾಗುತ್ತಿರಲಿಲ್ಲ.

ಅಷ್ಟರಲ್ಲಿ ಅವ್ವ ಹಿತ್ತಿಲ ಬಾಗಿಲಿಗೆ ಬಂದು, "ಅಕ್ಕಾರ, ನಿಮಗ ಪಡಸಾಲಿ ಮೂಲಿ ಖಾಲಿ ಮಾಡೇನ್ರಿ. ಟ್ರಂಕ್ ಅಲ್ಲೇ ಇಟ್ಟೇನಿ" ಎಂದು ಕರೆದಳು.

ಅತ್ತೆ "ಬಂದೆ" ಎಂದು ಎದ್ದು ಹೋದಳು.